ಎದುರಾಳಿ ಸಂಖ್ಯೆ 4417

ನೀಲಾಂಬಿಕಾ ಹುಕ್ಕೇರಿಯ ಮೇಜಿಗೆ ಆ ವಾರ ಒಂದು ತಕರಾರೂ ಬರಲಿಲ್ಲ. ಹಿಂದಿನ ವಾರ ಎರಡು ಬಂದಿದ್ದವು. ಮಳೆಗಾಲ ಶುರುವಾಗುವ ಮುಂಚೆ ದಿನಕ್ಕೆ ನಲವತ್ತು ಬರುತ್ತಿದ್ದವು.

ತಕರಾರು ಎಂದರೇನೆಂದು ತಿಳಿಯಬೇಕಾದರೆ ಮೊದಲು ಪಟ್ಟಿಯ ವಿಷಯ ಹೇಳಬೇಕು. ರಾಜ್ಯದ ಯಾವ ಮೂಲೆಯಲ್ಲಿ ಯಾರ ರಕ್ತ ತೆಗೆದರೂ ಅದರ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಚಿತ್ರ ತೆಗೆದು ಬೆಳಗಾವಿಯ ಕೇಂದ್ರಕ್ಕೆ ಕಳಿಸುತ್ತಾರೆ. ಕೇಂದ್ರದ ಯಂತ್ರ ಆ ಚಿತ್ರವನ್ನು ಇಬ್ಬರು ನೋಡುಗರಿಗೆ ತೋರಿಸುತ್ತದೆ. ನೋಡುಗರೆಲ್ಲ ಜೀವವೈದ್ಯ ವಿಜ್ಞಾನ ಓದಿ ಬಂದವರು. ಒಬ್ಬರು ಬೆಳಗಾವಿಯ ಹಾಲ್‌ನಲ್ಲಿ ಕೂತಿದ್ದರೆ ಇನ್ನೊಬ್ಬರು ಬಳ್ಳಾರಿಯಲ್ಲೋ ಬೀದರಿನಲ್ಲೋ ತಮ್ಮ ಮನೆಯಲ್ಲಿ ಕೂತಿರಬಹುದು. ಎದುರಿಗೆ ಯಾರಿದ್ದಾರೆಂದು ನೋಡುವಾಗ ಇಬ್ಬರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಪಂದ್ಯ ಎನ್ನುತ್ತಾರೆ. ಇಬ್ಬರ ಉತ್ತರವೂ ಒಂದೇ ಆದರೆ ಡ್ರಾ: ವರದಿ ಆಸ್ಪತ್ರೆಗೆ ಹೋಗುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಉತ್ತರ ಬೇರೆಯಾದರೆ ತಕರಾರು. ಅದು ನೋಡುಗರ ಅಂಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವವರ ಮೇಜಿಗೆ ಬರುತ್ತದೆ. ಅವರು ಯಾವ ಉತ್ತರ ಸರಿ ಎಂದರೋ ಆ ಉತ್ತರ ಕೊಟ್ಟವರು ಗೆದ್ದ ಹಾಗೆ.

ಅಂಕದ ಲೆಕ್ಕವನ್ನು ಫುಟ್‌ಬಾಲಿನಿಂದ ತಂದವರು ಕೇಂದ್ರದ ನಿರ್ದೇಶಕ ಪ್ರಹ್ಲಾದ ಇನಾಮದಾರ. ಅವರು ಮೂಲತಃ ಸಂಖ್ಯಾಶಾಸ್ತ್ರದವರು. ಬಹಳ ವರ್ಷ ಫುಟ್‌ಬಾಲ್ ತಂಡಗಳಿಗೆ ರ್‍ಯಾಂಕಿಂಗ್ ಕಟ್ಟಿಕೊಡುತ್ತಿದ್ದರು. ಎಲ್ಲರೂ ಸಾವಿರದ ಐನೂರು ಅಂಕದಿಂದ ಶುರು ಮಾಡುತ್ತಾರೆ. ದುರ್ಬಲರು ಬಲಿಷ್ಠರನ್ನು ಸೋಲಿಸಿದರೆ ರಾಶಿ ಅಂಕ, ಬಲಿಷ್ಠರು ದುರ್ಬಲರನ್ನು ಸೋಲಿಸಿದರೆ ಚೂರುಪಾರು, ಡ್ರಾ ಆದರೆ ಮೇಲಿನವರ ಖಾತೆಯಿಂದ ಕೆಳಗಿನವರ ಖಾತೆಗೆ ಒಂದಿಷ್ಟು. ತೀರ್ಪು ಕೊಟ್ಟವರಿಗೆ ತಕರಾರಿಗಿಷ್ಟು ಎಂದು ಬೇರೆ ಅಂಕ. ಲೆಕ್ಕಕ್ಕೆ ಬರುವುದು ಕಳೆದ ಎರಡು ವರ್ಷದ ಪಂದ್ಯಗಳು ಮಾತ್ರ. ಇನಾಮದಾರರು ತಂಡಗಳ ಜಾಗದಲ್ಲಿ ಮನುಷ್ಯರನ್ನು ಕೂರಿಸಿದರು, ಅಷ್ಟೇ. ಬಡ್ತಿ, ವರ್ಗ, ವಿದೇಶದ ಫೆಲೋಶಿಪ್, ವರದಿಗೆ ಸಹಿ ಹಾಕುವ ಲೈಸೆನ್ಸ್ ಎಲ್ಲವೂ ಪಟ್ಟಿಗೆ ಗಂಟುಬಿದ್ದವು. ಪತ್ರಿಕೆಯ ವಧೂವರರ ಅಂಕಣದಲ್ಲಿ ‘ಮೊದಲ ಇನ್ನೂರರೊಳಗಿನ ವರ ಬೇಕು’ ಎಂದು ಅಚ್ಚಾಗತೊಡಗಿತು.

ನೀಲಾ ನಾಲ್ಕು ವರ್ಷದಿಂದ ಮೊದಲ ಸ್ಥಾನದಲ್ಲಿದ್ದಳು. ಸೋತು ಎಷ್ಟು ಕಾಲವಾಯಿತೆಂಬುದು ಅವಳಿಗೇ ನೆನಪಿರಲಿಲ್ಲ. ಆದರೂ ಈಚೆಗೆ ಅವಳ ಅಂಕ ಇಳಿಯುತ್ತಿತ್ತು. ತಕರಾರಿಲ್ಲದೆ ತೀರ್ಪಿನ ಅಂಕ ನಿಂತಿತ್ತು, ಡ್ರಾಗಳು ದಿನಾ ಒಂದಿಷ್ಟು ಕಿತ್ತುಕೊಳ್ಳುತ್ತಿದ್ದವು. ಎರಡನೆಯ ಸ್ಥಾನದಲ್ಲಿ 4417 ಎಂಬ ಸಂಖ್ಯೆ ಮೆಲ್ಲಗೆ ಹತ್ತಿರ ಬರುತ್ತಿತ್ತು.

‘ಎಲ್ಲಾರೂ ಇಷ್ಟ ಶಾಣ್ಯಾ ಯಾವಾಗಾದ್ರು?’ ಎಂದು ಅವಳು ಪಕ್ಕದ ಮೇಜಿನ ಜಯಶ್ರೀ ಕಡಕೋಳಳನ್ನು ಕೇಳಿದಳು.

ಜಯಶ್ರೀ ಆಚೀಚೆ ನೋಡಿದಳು. ‘ಸಿಟ್ಟಾಗಬ್ಯಾಡ್ರಿ ಮೇಡಮ್. ಒಂದ ತೋರಸ್ತೀನಿ’ ಎಂದು ತನ್ನ ಮೊಬೈಲನ್ನು ಪರದೆಯ ಮೇಲಿದ್ದ ಸ್ಲೈಡಿಗೆ ಹಿಡಿದಳು. ಮೊಬೈಲು ಬರೆಯಿತು: ‘ಸಕ್ರಿಯ ಮಾನೋಸೈಟುಗಳು. ವೈರಲ್ ಜ್ವರಕ್ಕೆ ಹೊಂದುತ್ತದೆ. ರೋಗಿಯ ಸ್ಥಿತಿಯೊಡನೆ ತಾಳೆ ನೋಡುವುದು.’

ಕೊನೆಯ ವಾಕ್ಯವನ್ನು ಇಡೀ ರಾಜ್ಯದಲ್ಲಿ ಬರೆಯುತ್ತಿದ್ದವಳು ನೀಲಾ ಒಬ್ಬಳೇ. ಈ ಸ್ಲೈಡಿಗೂ ಅದನ್ನೇ ಬರೆಯಬೇಕೆಂದು ಅವಳ ಮನಸ್ಸಿನಲ್ಲಿ ಆಗಷ್ಟೇ ಮೂಡುತ್ತಿತ್ತು.

‘ಇದಕ್ಕ ನೆರಳು ಅಂತಾರ್ರಿ. ನಿಮ್ಮ ಹಳೇ ತೀರ್ಪೆಲ್ಲಾ ತುಂಬಿ ಮಾಡ್ಯಾರ. ಧಾರವಾಡದ ಕೋಚಿಂಗ್‌ನವರು ಮಾರತಾರ. ಎಲ್ಲಾರ ಕಡೆ ಐತಿ.’

ನೀಲಾ ಹಾಲ್‌ನ ಉದ್ದಕ್ಕೂ ನೋಡಿದಳು. ಪ್ರತಿ ಮೇಜಿನ ಮೇಲೂ, ಪರದೆಯ ಮಗ್ಗುಲಿಗೆ, ಒಂದೊಂದು ಮೊಬೈಲು ಮುಖ ಮೇಲೆ ಮಾಡಿ ಮಲಗಿತ್ತು. ದಿನಾ ಕಂಡದ್ದೇ, ಮೊಬೈಲುಗಳು ಎಂದುಕೊಂಡಿದ್ದಳು.

‘ಮತ್ತ ನೀವೆಲ್ಲಾ ನೋಡೂದು ಯಾವಾಗ?’

‘ನನ್ನ ಕಣ್ಣು ನಂಬಿದ್ರ ಪಟ್ಟ್ಯಾಗ ಎಲ್ಲಿರತಿದ್ದೆ ಹೇಳ್ರಿ?’ ಎಂದು ಜಯಶ್ರೀ ನಕ್ಕಳು. ‘ನೀವು ತಕರಾರಿಗೆ ಏನಂತೀರೋ ಅದನ್ನ ಮೊದಲ ಬರದ್ರ ಸೋಲೂದ ಇಲ್ಲ.’

ನೀಲಾಳೂ ನಕ್ಕಳು. ಸುಳ್ಳೇಕೆ, ಆ ಗಳಿಗೆಯಲ್ಲಿ ಅವಳಿಗೆ ಒಳಗೊಳಗೇ ಹಿತವಾಗಿತ್ತು.

*

ಅವಳ ಗಂಡ ವಿರೂಪಾಕ್ಷ ಟಿಳಕವಾಡಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕ, ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್. ಆ ಸಂಜೆ ಅವಳು ಮನೆಗೆ ಬಂದಾಗ ತಂಡದ ಗೋಲ್‌ಕೀಪರ್ ಅಫ್ರೀನ್ ಕಿಲ್ಲೇದಾರ ಪಡಸಾಲೆಯಲ್ಲಿ ಕೂತಿದ್ದಳು. ಹದಿನಾರರ ಹುಡುಗಿ, ಉದ್ದ ಕೈ, ಸದಾ ಬಾಯಿ. ಇವತ್ತು ಗೋಡೆಗೆ ಒರಗಿ ಸುಮ್ಮನಿದ್ದಳು.

‘ನಿಮ್ಮಲ್ಲಿಂದ ಬಂದ ವರದಿ’ ಎಂದು ವಿರೂಪಾಕ್ಷ ಕಾಗದ ಚಾಚಿದ. ‘ವೈರಲ್ ಅಂತೈತಿ. ಐತವಾರ ಸೆಮಿಫೈನಲ್ ಐತಿ. ಆಡಸ್ಲೋ ಬ್ಯಾಡೋ, ನೀನ ಹೇಳಿಬಿಡು.’

‘ಆಡ್ತೀನ್ರಿ ಸರ್. ಜ್ವರ ಬಿಟ್ಟೈತಿ’ ಎಂದಳು ಅಫ್ರೀನ್.

‘ನಿನ್ನ ಕೇಳೀನೇನ?’

‘ನನ್ನ ಬಿಟ್ರ ಯಾರನ್ನ ನಿಲ್ಲಸ್ತೀರಿ? ಆ ರೋಹಿಣಿನ್ನ? ಬಾಲ್ ಬಂದ್ರ ಕಣ್ಣ ಮುಚ್ಚತಾಳ ಅಕಿ.’

ಹೇಳಿ ನಕ್ಕಾಗ ಅವಳ ಹಲ್ಲಿನ ಸಂದಿಯಲ್ಲಿ ಸಣ್ಣ ಕೆಂಪು ಗೆರೆ ಕಂಡಿತು. ನೀಲಾ ಹತ್ತಿರ ಕೂತು ಅವಳ ತೋಳನ್ನು ಹಿಡಿದು ನೋಡಿದಳು. ಗೋಲ್‌ಕೀಪರ್‌ಗಳ ಮೊಣಕೈ, ಸೊಂಟ ಯಾವಾಗಲೂ ನೀಲಿಗಟ್ಟಿರುತ್ತವೆ. ಆದರೆ ಇವಳಿಗೆ ತೋಳಿನ ಒಳಮಗ್ಗುಲಲ್ಲಿ, ಕುತ್ತಿಗೆಯ ಕೆಳಗೆ, ಯಾವ ಚೆಂಡೂ ತಾಗದ ಜಾಗಗಳಲ್ಲಿ ನೀಲಿ ಮಚ್ಚೆಗಳಿದ್ದವು.

‘ಹಲ್ಲಾಗ ರಕ್ತ ಎಂದಿಂದ ಬರತೈತಿ?’

‘ತಿಕ್ಕುವಾಗ ಬರತೈತ್ರಿ ಆಂಟಿ. ನಿಂದರೂದ ಇಲ್ಲ ಒಮ್ಮೊಮ್ಮೆ.’

ನೀಲಾ ವರದಿ ಓದಿದಳು. ಪ್ಲೇಟ್‌ಲೆಟ್ ಬಹಳ ಕಡಿಮೆ. ಊರೆಲ್ಲ ಡೆಂಗಿ ಇರುವಾಗ ಅದರಲ್ಲಿ ವಿಶೇಷವಿಲ್ಲ. ಆದರೆ ಡೆಂಗಿಯಲ್ಲಿ ಬಿಳಿ ರಕ್ತಕಣಗಳು ಕುಸಿಯಬೇಕು. ಇಲ್ಲಿ ಏರಿದ್ದವು, ಅದೂ ಎರಡು ಪಟ್ಟು. ಕೆಳಗೆ ಆ ಮೂರು ವಾಕ್ಯಗಳು, ಕೊನೆಯಲ್ಲಿ ತಾಳೆ ನೋಡುವ ಮಾತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ನೋಡುಗರು, 219 ಮತ್ತು 4417.

219 ಅವಳದೇ ಸಂಖ್ಯೆ. ದಿನಕ್ಕೆ ಇನ್ನೂರು ಸ್ಲೈಡು ನೋಡುವವಳು. ಇದು ಯಾವುದೆಂದು ನೆನಪಿರಲಿಲ್ಲ.

‘ಐತವಾರ ಆಡಸಬ್ಯಾಡ್ರಿ’ ಎಂದಳು ಗಂಡನಿಗೆ.

*

ಮರುದಿನ ಬೆಳಿಗ್ಗೆ ಅವಳು ಆ ಸ್ಲೈಡನ್ನು ತೆರೆದಳು. ಮುಗಿದ ಪಂದ್ಯವನ್ನು ನೋಡಬಹುದು, ತಿದ್ದುವಂತಿಲ್ಲ. ನೇರಳೆ ಬಣ್ಣದ ದೊಡ್ಡ ಕಣಗಳು, ನಡುವೆ ಮಡಿಸಿದಂಥ ಕೋಶಕೇಂದ್ರ. ಅವಳ ಕಣ್ಣು ತಡವರಿಸದೆ ಹೇಳಿತು: ಮಾನೋಸೈಟು, ವೈರಲ್. ಹತ್ತು ಸಲ ನೋಡಿದಳು. ಹತ್ತು ಸಲವೂ ಅದೇ.

ಓದುವ ಕಾಲದಲ್ಲಿ ಕೇಳಿದ ಒಂದು ಸಂಗತಿ ಅವಳಿಗೆ ನೆನಪಿತ್ತು. ರಕ್ತ ಕ್ಯಾನ್ಸರಿನಲ್ಲಿ ಒಂದು ಬಗೆಯಿದೆ. ರೋಗಿ ರಕ್ತಸ್ರಾವವಾಗಿ ಬೇಗ ಸಾಯುತ್ತಾನೆ, ಆದರೆ ಸಮಯಕ್ಕೆ ಗುರುತಿಸಿ ಎ ಜೀವಸತ್ವದ ಸಂಬಂಧಿಯಾದ ಒಂದು ಗುಳಿಗೆ ಶುರು ಮಾಡಿದರೆ ಹೆಚ್ಚಿನವರು ಬದುಕುತ್ತಾರೆ. ಅದರ ಕಣಗಳೊಳಗೆ ಒರಟು ಕಾಳುಗಳು ತುಂಬಿರುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಕೆಲವರಲ್ಲಿ ಮಾತ್ರ ಆ ಕಾಳುಗಳು ಸೂಕ್ಷ್ಮದರ್ಶಕಕ್ಕೂ ನಿಲುಕದಷ್ಟು ಸಣ್ಣವಿರುತ್ತವೆ. ಆಗ ಆ ಕಣ ಅಚ್ಚು ಮಾನೋಸೈಟಿನಂತೆ, ಜ್ವರದಲ್ಲಿ ಏಳುವ ಸಾಮಾನ್ಯ ಬಿಳಿಕಣದಂತೆ, ಕಾಣುತ್ತದೆ.

ಅವಳು ತನ್ನ ಹಳೆಯ ತೀರ್ಪುಗಳಲ್ಲಿ ಆ ರೋಗದ ಹೆಸರನ್ನು ಹುಡುಕಿದಳು. ಇರಲಿಲ್ಲ. ಪಟ್ಟಿಯ ಎಲ್ಲ ನೋಡುಗರ ವರದಿಗಳಲ್ಲಿ ಹುಡುಕಿದಳು. ಮೊದಲ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಅವೆಲ್ಲ ತಕರಾರಾಗಿ, ಸೋತು, ವೈರಲ್ ಎಂದು ಮುಗಿದಿದ್ದವು. ಆಮೇಲಿನ ವರ್ಷಗಳಲ್ಲಿ ಒಂದೂ ಇಲ್ಲ. ಇಷ್ಟು ದೊಡ್ಡ ರಾಜ್ಯದಲ್ಲಿ ವರ್ಷಕ್ಕೆ ಹತ್ತಾರು ಮಂದಿಗಾದರೂ ಬರಬೇಕಾದ ರೋಗ. ಅದು ಕರ್ನಾಟಕವನ್ನೇ ಬಿಟ್ಟು ಹೋಗಿತ್ತು.

‘ಜಯಶ್ರೀ, ಇಲ್ಲಿ ಬಾ. ಮೊಬೈಲ ಅಲ್ಲೇ ಇಡು. ಇದರಾಗ ನಿನಗೇನ ಕಾಣತೈತಿ?’

‘ನಿಮಗ ಕಂಡಿದ್ದ ಕಾಣತೈತ್ರಿ.’

‘ನನಗ ರಕ್ತ ಕ್ಯಾನ್ಸರ್ ಕಾಣಾಕತ್ತೈತಿ.’

ಜಯಶ್ರೀ ಪರದೆಗೆ ಬಾಗಿದಳು. ಅವಳ ಹುಬ್ಬು ಗಂಟಾಯಿತು, ನಿಧಾನಕ್ಕೆ ಸಡಿಲಾಯಿತು. ‘ಹೌದ್ರಿ ಮೇಡಮ್. ಈಗ ಕಾಣಾಕತ್ತೈತಿ. ಇಲ್ಲಿ ನೋಡ್ರಿ, ಸ್ಪಷ್ಟ ಐತಿ.’

ನೀಲಾ ಮುಂದಿನ ಸ್ಲೈಡು ಒತ್ತಿದಳು. ಅದು ರಕ್ತದಾನಕ್ಕೆ ಬಂದಿದ್ದ ಯಾರೋ ಆರೋಗ್ಯವಂತನದು. ‘ಇದೂ ಕ್ಯಾನ್ಸರ್ ಅನ್ಸತೈತಿ.’

‘ಹೌದ್ರಿ’ ಎಂದಳು ಜಯಶ್ರೀ ಮರುಕದಿಂದ. ‘ಇದಂತೂ ಭಾಳ ಬೆಳದೈತಿ.’

ಅವಳ ದನಿಯಲ್ಲಿ ಮುಖಸ್ತುತಿ ಇರಲಿಲ್ಲ, ಭಯವೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಕಂಡಿತ್ತು.

*

ಕಣ್ಣನ್ನು ನಂಬುವಂತಿಲ್ಲ ಎಂದಾದ ಮೇಲೆ ಕಣ್ಣು ಬೇಡದ ಪರೀಕ್ಷೆ ಬೇಕಿತ್ತು. ಹಳ್ಳಿಯ ಆಸ್ಪತ್ರೆಗಳಲ್ಲಿ ಹಾವು ಕಚ್ಚಿ ಬಂದವರಿಗೆ ಮಾಡುವಂಥದ್ದು ಒಂದಿದೆ. ಒಣ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಬಿಟ್ಟು, ಓರೆ ಮಾಡುವುದು. ಸರಿಯಿರುವ ರಕ್ತ ಹೆಪ್ಪುಗಟ್ಟಿ ತಳದಲ್ಲೇ ನಿಲ್ಲುತ್ತದೆ.

ಗಾಂಧಿನಗರದ ಮನೆಯಲ್ಲಿ ಅಫ್ರೀನ್‌ಳ ತಾಯಿ ರಾಬಿಯಾ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. ನೀಲಾ ರಕ್ತ ತೆಗೆದು ಎರಡು ನಳಿಗೆ ಲೋಟದೊಳಗೆ ನಿಲ್ಲಿಸಿದಳು. ಒಂದು ಅಫ್ರೀನ್‌ಳದು. ಇನ್ನೊಂದು ವಿರೂಪಾಕ್ಷನದು, ಹೋಲಿಸಲು ಒಂದು ಬೇಕೆಂದು ಅವನ ತೋಳಿಗೂ ಚುಚ್ಚಿದ್ದಳು.

‘ಸರ್ ಅತ್ತರು’ ಎಂದಳು ಅಫ್ರೀನ್ ಮಲಗಿದಲ್ಲಿಂದಲೇ.

‘ಯಾಂವ ಅತ್ತಾಂವ? ಕಣ್ಣಾಗ ಧೂಳಿ ಬಿತ್ತು.’

‘ಅಕ್ಕಾರ, ಕಾಗದದಾಗ ವೈರಲ್ ಅಂತ ಬರದಾರಲ್ರಿ?’ ಎಂದು ರಾಬಿಯಾ ತಗ್ಗಿದ ದನಿಯಲ್ಲಿ ಕೇಳಿದಳು. ‘ದೊಡ್ಡವರು ಇಬ್ಬರು ನೋಡಿ ಬರದಿದ್ದು ಅಂದ್ರು ದವಾಖಾನ್ಯಾಗ.’

‘ಅದರಾಗ ಒಬ್ಬಾಕಿ ನಾನ ರಾಬಿಯಾ.’

ಎಲ್ಲರೂ ಲೋಟವನ್ನು ನೋಡುತ್ತ ಕೂತರು. ಹೊರಗೆ ಯಾರೋ ಗೋಡೆಗೆ ಚೆಂಡು ಒದೆಯುತ್ತಿದ್ದ ಸದ್ದು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಹೊತ್ತಾದ ಮೇಲೆ ನೀಲಾ ಗಂಡನ ನಳಿಗೆಯನ್ನು ಓರೆ ಮಾಡಿದಳು. ರಕ್ತ ಗಟ್ಟಿಯಾಗಿ ತಳಕ್ಕೆ ಕಚ್ಚಿಕೊಂಡಿತ್ತು. ಅಫ್ರೀನ್‌ಳ ನಳಿಗೆಯನ್ನು ಎತ್ತಿ ಓರೆ ಮಾಡಿದಳು. ರಕ್ತ ಗಾಜಿನ ಗೋಡೆಯ ಮೇಲೆ ನೀರಿನಂತೆ ಸರಾಗವಾಗಿ ಹರಿದು ಬಾಯಿಯವರೆಗೆ ಬಂತು, ಹಿಂದಕ್ಕೆ ವಾಲಿಸಿದರೆ ಹಿಂದಕ್ಕೆ ಹೋಯಿತು.

‘ಈಗಿಂದೀಗ ದವಾಖಾನಿಗೆ ನಡೀರಿ’ ಎಂದಳು.

*

ಆಸ್ಪತ್ರೆಯ ರಕ್ತರೋಗ ತಜ್ಞೆ ಡಾ. ಸುಷ್ಮಾ ತೇಲಿ ನಳಿಗೆಯನ್ನು ತಾನೂ ಓರೆ ಮಾಡಿ ನೋಡಿದಳು. ಅಫ್ರೀನ್‌ಳಿಗೆ ಹಾಸಿಗೆ ಕೊಟ್ಟು, ಪ್ಲಾಸ್ಮಾ ಏರಿಸಲು ಹೇಳಿ, ಹೊರಗೆ ಬಂದಳು.

‘ನೀವು ಹೇಳೂದ ಖರೆ ಅನ್ಸತೈತ್ರಿ. ಪ್ಲಾಸ್ಮಾ ಕೊಟ್ರ ಒಂದೆರಡ ದಿನ ತಡೀಬಹುದು. ಗುಳಿಗಿ ಶುರು ಮಾಡಲಿಲ್ಲಂದ್ರ ಮೆದುಳಾಗ ರಕ್ತ ಸೋರತೈತಿ. ಆದ್ರ ಔಷಧ ಭಂಡಾರ ವರದಿ ನೋಡಿ ಬೀಗ ತೆಗೀತೈತಿ. ವರದಿ ವೈರಲ್ ಅಂತೈತಿ. ಜೀನ್ ಪರೀಕ್ಷೆಗೂ ಹಂಗ.’

‘ಹೊಸಾ ಸ್ಲೈಡ ಕಳಸ್ರಿ.’

‘ಕಳಿಸಿದೆ. ಒಂದ ಜ್ವರಕ್ಕ ಎರಡನೇ ಸ್ಲೈಡು ವಾರದ ತನಕ ಪಟ್ಟಿ ತಗೊಳ್ಳೂದಿಲ್ಲ.’ ಡಾ. ತೇಲಿ ಮುಚ್ಚಿದ ಬಾಗಿಲ ಕಡೆ ನೋಡಿದಳು. ‘ವಾರ ಇರೂದಿಲ್ರಿ ಅಕಿ.’

ನೀಲಾ ಕೇಂದ್ರಕ್ಕೆ ಬಂದು ಇನಾಮದಾರರ ಕೋಣೆಗೆ ನುಗ್ಗಿದಳು. ಅವರು ಚಹಾ ತರಿಸಿದರು. ಅವಳು ಹೇಳಿದ್ದನ್ನೆಲ್ಲ, ನೆರಳಿನ ಸಂಗತಿಯನ್ನೂ, ತಾಳ್ಮೆಯಿಂದ ಕೇಳಿಸಿಕೊಂಡರು.

‘ಫಾರ್ಮ್ ಹೋಗ್ಯದ ನಿಮ್ದು, ಅಷ್ಟ’ ಎಂದರು. ‘ಎಂಥಾ ಆಟಗಾರರಿಗೂ ಆಗ್ತದ. ನಿಮ್ಮ ಮ್ಯಾಲೆ ನಿಮಗ ಅನುಮಾನ ಬಂದದ.’

‘ಸರ್, ಫುಟ್‌ಬಾಲಿನ್ಯಾಗ ಬಾಲ್ ಗೆರಿ ದಾಟಿದ್ದು ಎಲ್ಲಾರಿಗೂ ಕಾಣತೈತಿ. ಇಲ್ಲಿ ಗೆರಿ ಎಲ್ಲೈತ್ರಿ?’

‘ಗೆರಿ ನೀವಾ ಮೇಡಮ್’ ಎಂದರು ಇನಾಮದಾರರು, ಅದು ದೊಡ್ಡ ಗೌರವವೆಂಬಂತೆ.

ಅವರು ನಿಯಮ ಪುಸ್ತಕ ತಿರುವಿ ಒಂದು ದಾರಿ ತೋರಿಸಿದರು: ಇಬ್ಬರೂ ಆಟಗಾರರು ಕೂಡಿ ಕೇಳಿದರೆ ಮರುಪಂದ್ಯ ಇಡಬಹುದು. 4417 ಎಂದರೆ ವಿಜಯಪುರದ ಸಂಗನಗೌಡ ಬಿರಾದಾರ. ಫೋನ್ ನಂಬರು ಬರೆದುಕೊಟ್ಟರು.

ಅವಳು ಕಾರಿಡಾರಿಗೆ ಬಂದು ಕರೆ ಮಾಡಿದಳು. ಹೆಂಗಸೊಬ್ಬಳು ಎತ್ತಿದಳು.

‘ಬಿರಾದಾರ ಅವರ ಜೋಡಿ ಮಾತಾಡಬೇಕಿತ್ರಿ. ಬೆಳಗಾವಿ ಕೇಂದ್ರದಿಂದ.’

‘ಅವರು ಹೋಗಿ ವರ್ಷದ ಮ್ಯಾಲ ಆತ್ರಿ. ನಿಮಗ ಯಾರೂ ಹೇಳಿಲ್ಲೇನ್ರಿ?’

‘ಮತ್ತ ಸ್ಲೈಡು ಯಾರ ನೋಡಾಕತ್ತಾರ್ರಿ?’

‘ಯಾರೂ ಇಲ್ರಿ. ಅವರ ಕೋಣ್ಯಾಗ ಪರದೆ ಮುಂದ ಮೊಬೈಲ ನಿಲ್ಲಿಸಿ ಏನೇನೋ ವಾಯರ್ ಜೋಡಿಸಿದ್ರು. ಅದು ಹಂಗ ಐತಿ. ಅವರು ಇಟ್ಟ ಸಾಮಾನು ಅಂತ ನಾವು ಮುಟ್ಟಿಲ್ಲ. ತಾನ ಬರೀತೈತಿ, ತಾನ ಕಳಸ್ತೈತಿ. ಹೋದ ದಸರಾಕ್ಕ ಅವರಿಗೆ ಬಡ್ತಿನೂ ಬಂತ್ರಿ.’

ಹಿಂದುಗಡೆ ಎಲ್ಲೋ, ಮುಚ್ಚಿದ ಕೋಣೆಯೊಳಗಿನಿಂದ ಬಂದಂತೆ, ಟಿಕ್ ಎಂದು ಸದ್ದಾಯಿತು. ಒಂದು ಉತ್ತರ ಹೋಗಿತ್ತು.

‘ಅವರಿಗೆ ಏನರ ಹೇಳಬೇಕಿತ್ತೇನ್ರಿ?’ ಎಂದಳು ಹೆಂಗಸು.

ಪಟ್ಟಿ ಸಮಬಲದವರನ್ನೇ ಎದುರುಬದುರು ಕೂರಿಸುತ್ತದೆ. ವರ್ಷದಿಂದ ನೀಲಾಳ ಪಂದ್ಯಗಳಲ್ಲಿ ಹೆಚ್ಚಿನವು 4417ರ ಜೊತೆಗೇ ನಡೆದಿದ್ದವು. ಎಲ್ಲವೂ ಡ್ರಾ. ಇನ್ನೊಬ್ಬರು ನೋಡಿದ್ದಾರೆಂಬ ಧೈರ್ಯದಲ್ಲಿ ಅವಳು ಸಹಿ ಹಾಕಿದ್ದಳು. ಅಲ್ಲಿ ಇನ್ನೊಬ್ಬರು ಇರಲೇ ಇಲ್ಲ.

*

ಆಸ್ಪತ್ರೆಯ ಮೆಟ್ಟಿಲ ಮೇಲೆ ವಿರೂಪಾಕ್ಷ ಕೂತಿದ್ದ. ಅಫ್ರೀನ್‌ಳ ಮೂಗಿನಿಂದ ರಕ್ತ ಬರತೊಡಗಿದೆ, ಪ್ಲಾಸ್ಮಾ ಏರುತ್ತಿದೆ ಎಂದ. ನೀಲಾ ಬಿರಾದಾರನ ಸಂಗತಿ ಹೇಳಿದಳು.

‘ಸತ್ತಾಂವನ ಜೋಡಿ ಮರುಪಂದ್ಯ ಹ್ಯಾಂಗ ಕೇಳ್ತಿ?’ ಎಂದವನು ತಲೆ ಕೆರೆದುಕೊಂಡ. ‘ನಿಮ್ಮ ನಿಯಮ ಎಲ್ಲಾ ಲೀಗಿನವ ಅಲ್ಲೇನು?’

‘ಹೌದು. ಯಾಕ್ರಿ?’

‘ಲೀಗಿನ್ಯಾಗ ಒಂದು ತಂಡ ನಡಬರಕ ಹಿಂದ ಸರದ್ರ ಆ ತಂಡದ ಎಲ್ಲಾ ಪಂದ್ಯ ರದ್ದು ಆಗತಾವ. ಗೆದ್ದಿದ್ದು, ಸೋತಿದ್ದು, ಡ್ರಾ ಎಲ್ಲಾ. ಆಡೇ ಇಲ್ಲ ಅನ್ನೂ ಹಂಗ. ನಮಗ ಹೋದ ವರ್ಷ ಹಂಗ ಆತು. ಖಾನಾಪುರದವರು ಬಿಟ್ಟು ಹೋದ್ರು, ಅವರ ಮ್ಯಾಲೆ ಹೊಡದ ಐದು ಗೋಲು ಗಾಳಿಗೆ ಹೋದವು.’ ಅವನು ಮಾತು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ‘ಸತ್ತಾಂವ ತಾನಾಗಿ ಸರಿಯೂ ಹಂಗಿಲ್ಲ, ನೀನ ಸರೀಬೇಕು. ಆದ್ರ ಬಿಟ್ಟ ತಂಡ ಮತ್ತ ಲೀಗಿಗೆ ಬರೂ ಹಂಗಿಲ್ಲ, ನೀಲಾ.’

ಅವಳು ಬಹಳ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳಿಗೆ ನಲವತ್ತನಾಲ್ಕು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದವರು ಈ ರಾಜ್ಯದಲ್ಲಿ ಒಂದು ಸ್ಲೈಡಿಗೂ ಸಹಿ ಹಾಕುವಂತಿಲ್ಲ. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತು, ಕೈಯಲ್ಲಿದ್ದ ಖಾಲಿ ನಳಿಗೆಯನ್ನು ಅತ್ತ ಇತ್ತ ಉರುಳಿಸುತ್ತಿದ್ದಳು. ಒಳಗಿನಿಂದ ರಾಬಿಯಾ ಬಂದು, ರಕ್ತ ಮೆತ್ತಿದ ಒಂದು ಟವೆಲನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಹಿಂಡಿಕೊಂಡು ಮತ್ತೆ ಒಳಗೆ ಹೋದಳು. ಇವರ ಕಡೆ ನೋಡಲಿಲ್ಲ.

ನೀಲಾ ಎದ್ದಳು.

ಕೇಂದ್ರದಲ್ಲಿ ಈ ಸಲ ಇನಾಮದಾರರು ಚಹಾ ತರಿಸಲಿಲ್ಲ. ‘ಎರಡು ವರ್ಷದಾಗ ನೀವು ಆಡಿದ್ದು, ತೀರ್ಪು ಕೊಟ್ಟಿದ್ದು, ಎಲ್ಲಾ ಅಮಾನ್ಯ ಆಗ್ತಾವ. ಅಷ್ಟೂ ವರದಿ ಹೊಸದಾಗಿ ನೋಡಬೇಕಾಗ್ತದ. ಎಷ್ಟು ಮಂದಿ ಅಂತ ಗೊತ್ತದ ಏನು?’

‘ಅದಕ್ಕ ಮಾಡಾಕತ್ತೀನಿ ಸರ್.’

‘ಪಟ್ಟಿ ಬೀಳ್ತದ.’

‘ನಿಂತಿತ್ತೇನ್ರಿ ಅದು?’ ಎಂದು ಅವಳು ಅವರ ಪರದೆಯಲ್ಲಿ ತನ್ನ ಖಾತೆ ತೆರೆದು, ಪಟ್ಟಿಯಿಂದ ಹಿಂದೆ ಸರಿಯುವ ಗುಂಡಿಯನ್ನು ಒತ್ತಿದಳು.

ಹಾಲ್‌ನ ದೊಡ್ಡ ಪರದೆಯ ಮೇಲೆ ಅಂಕಗಳು ಒಂದೊಂದಾಗಿ ಮತ್ತೆ ಲೆಕ್ಕವಾಗತೊಡಗಿದವು. ನೋಡುಗರೆಲ್ಲ ಎದ್ದು ನಿಂತರು. ಎರಡನೆಯ ಸ್ಥಾನದ ಸತ್ತವನು ಸಾವಿರದ ಐನೂರಕ್ಕೆ ಇಳಿದ. ಮೂರನೆಯವರು ಸಾವಿರದ ಐನೂರು. ನೂರನೆಯವರು ಸಾವಿರದ ಐನೂರು. ಕಟ್ಟಕಡೆಯಲ್ಲಿದ್ದವರು ಮೇಲೆ ಬಂದು ಸಾವಿರದ ಐನೂರಕ್ಕೆ ನಿಂತರು. ಇನಾಮದಾರರು ಬಾಗಿಲಲ್ಲಿ ನಿಂತು ನೋಡಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ನೀಲಾ ತೀರ್ಪಿತ್ತ ತಕರಾರುಗಳನ್ನು ಕಳೆದ ಮೇಲೆ ಉಳಿದದ್ದು ಡ್ರಾಗಳು ಮಾತ್ರ. ಸಮಾನರು ಡ್ರಾ ಮಾಡಿದರೆ ಯಾರ ಅಂಕವೂ ಕದಲುವುದಿಲ್ಲ. ಎರಡು ವರ್ಷದಲ್ಲಿ ಈ ರಾಜ್ಯದಲ್ಲಿ ಯಾರೂ ಯಾರ ಎದುರೂ ಆಡಿರಲಿಲ್ಲ.

ಆಸ್ಪತ್ರೆಯಲ್ಲಿ ಅಫ್ರೀನ್‌ಳ ವರದಿ ಅಮಾನ್ಯವಾಯಿತು. ವರದಿಯೇ ಇಲ್ಲದ ರೋಗಿಗೆ ವೈದ್ಯರು ತಮ್ಮ ತಿಳಿವಳಿಕೆಯಂತೆ ಔಷಧ ಕೊಡಬಹುದೆಂಬುದು ಪಟ್ಟಿಗಿಂತ ಹಳೆಯ ನಿಯಮ. ಡಾ. ತೇಲಿ ಭಂಡಾರದ ಬೀಗ ತೆಗೆಸಿ ಮೊದಲ ಗುಳಿಗೆಯನ್ನು ತಾನೇ ತಂದು ಕೊಟ್ಟಳು.

*

ಲೆಕ್ಕ ಸರಿಪಡಿಸಲೆಂದು ಕೇಂದ್ರವನ್ನು ಎರಡು ದಿನ ಮುಚ್ಚಿದರು. ಮೂರನೆಯ ಬೆಳಿಗ್ಗೆ ಜೀನ್ ಪರೀಕ್ಷೆಯ ಫಲಿತಾಂಶ ಬಂತು. ಅದೇ ರೋಗ. ಮೊದಲ ಕೆಲವು ವಾರ ಕಣ್ಣಿಟ್ಟು ನೋಡಬೇಕು, ಆಮೇಲೆ ಭಯವಿಲ್ಲ ಎಂದಳು ಡಾ. ತೇಲಿ. ಒಸಡಿನ ರಕ್ತ ನಿಂತಿತ್ತು. ಅಫ್ರೀನ್ ತಾನಿಲ್ಲದ ಸೆಮಿಫೈನಲ್‌ನಲ್ಲಿ ರೋಹಿಣಿ ಎಷ್ಟು ಗೋಲು ಬಿಟ್ಟಳೆಂದು ಕೇಳಿ, ಉತ್ತರಕ್ಕೆ ಕಾಯದೆ ನಿದ್ದೆ ಹೋದಳು.

ನೀಲಾ ಹಾಸಿಗೆಯ ಪಕ್ಕ ಕೂತಿದ್ದಾಗ ಜಯಶ್ರೀಯ ಕರೆ ಬಂತು.

‘ಮೇಡಮ್, ಇವತ್ತ ಶುರು ಆತ್ರಿ. ಮೊಬೈಲ ಎಲ್ಲಾ ಬಾಗಲದಾಗ ಕಸ್ಕೊಂಡಾರ, ಮೇಜಿನ ಫೋನಿಂದ ಮಾತಾಡಾಕತ್ತೀನಿ. ಒಂದು ಸ್ಲೈಡ ಕಳಸ್ತೀನಿ, ಏನಂತ ಹೇಳ್ರಿ.’

‘ನಾ ಹೇಳೂದಿಲ್ಲ. ನೀ ನೋಡು.’

‘ಯಾರೂ ಉತ್ತರ ಕಳಸವಲ್ರು. ಎಲ್ಲಾರ ಪರದೆ ಮ್ಯಾಲೂ “ಎದುರಾಳಿಗಾಗಿ ಕಾಯಲಾಗುತ್ತಿದೆ” ಅಂತ ಐತಿ. ಬೆಳಿಗ್ಗಿಂದ ಹಂಗ ಕೂತೀವಿ.’

‘ನಿನಗೇನ ಕಾಣತೈತಿ, ಜಯಶ್ರೀ?’

ಆ ಕಡೆ ಕುರ್ಚಿ ಪರದೆಯತ್ತ ಸರಿದ ಸದ್ದು ಕೇಳಿತು. ಆಮೇಲೆ ಅವಳು ಸಣ್ಣ ದನಿಯಲ್ಲಿ ಹೇಳಿದಳು. ‘ಬಣ್ಣ ಅದಾವ್ರಿ. ಗುಂಡಗ ಅದಾವ. ಬ್ಯಾರೆ ಏನೂ ಕಾಣವಲ್ದು.’

‘ಹಂಗಾರ ಬಿಳಿಕಣ ಎಣಸು. ಮೊದಲನೇ ವರ್ಷದಾಗ ಎಣಸ್ತಿದ್ದಿಯಲ್ಲ, ಹಂಗ. ಬಾಯಿಬಿಟ್ಟು ಎಣಸು. ನಾ ಕೇಳತೀನಿ.’

‘ಒಂದು’ ಎಂದಳು ಜಯಶ್ರೀ. ‘ಎರಡು. ಮೂರು.’

ಅವಳ ಹಿಂದೆ ಇನ್ನೊಂದು ದನಿ ಸೇರಿತು. ಅದರ ಹಿಂದೆ ಮತ್ತೊಂದು. ಮೇಜಿನಿಂದ ಮೇಜಿಗೆ ಎಣಿಕೆ ಹಬ್ಬುತ್ತ ಹೋಯಿತು. ಹತ್ತು ಮುಟ್ಟುವ ಹೊತ್ತಿಗೆ ಇಡೀ ಹಾಲ್ ಎಣಿಸುತ್ತಿತ್ತು, ಏರದ ಇಳಿಯದ ಒಂದೇ ದನಿಯಲ್ಲಿ. ಒಬ್ಬೊಬ್ಬರ ಪರದೆಯ ಮೇಲೆ ಒಂದೊಂದು ಸ್ಲೈಡು. ಒಂದೊಂದು ಊರಿನ ಒಂದೊಂದು ರಕ್ತ. ನೋಡಿ ಎಣಿಸಿದರೆ ಒಂದರಲ್ಲಿ ಬಿಳಿಕಣ ಹತ್ತಿಪ್ಪತ್ತಕ್ಕೆ ಮುಗಿಯಬೇಕು, ಇನ್ನೊಂದರಲ್ಲಿ ನೂರು ದಾಟಬೇಕು.

ಮೂವತ್ತು ದಾಟಿತು. ನಲವತ್ತು ದಾಟಿತು. ನೀಲಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಒಂದು ದನಿಯಾದರೂ ನಡುವೆ ನಿಲ್ಲಲಿ ಎಂದು ಕಾಯುತ್ತಿದ್ದಳು.